ಪೂಜೆಗಿಟ್ಟ ಆ್ಯಂಟಿಬಾಡಿ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತುಂಬಿದ ವರ್ಷ. ತುಮಕೂರಿನ ಒಂದು ಕಾಲೇಜಿನ ಸಂಶೋಧನಾ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಓದಿದ್ದು ಹೆಬ್ಬೂರಿನಲ್ಲಿ, ಎಸ್‌ಎಸ್‌ಎಲ್‌ಸಿವರೆಗೆ. ಗಾಜಿನ ಸಾಮಾನು ತೊಳೆಯುವುದು, ಐಸ್ ತರುವುದು, ಬಾಗಿಲು ತೆಗೆಯುವುದು, ಮುಚ್ಚುವುದು ನನ್ನ ಕೆಲಸ. ಜೊತೆಗೊಂದು ದೊಡ್ಡಸ್ತಿಕೆಯೂ ಇತ್ತು. ಮೈನಸ್ ಇಪ್ಪತ್ತು ಡಿಗ್ರಿಯ ಫ್ರೀಜರಿನ ಕೀ ನನ್ನ ಸೊಂಟದಲ್ಲಿರುತ್ತಿತ್ತು. ದೊಡ್ಡ ಡಿಗ್ರಿಯವರೂ "ಶಿವಣ್ಣ, ಸ್ವಲ್ಪ ಕೀ" ಎಂದು ಬಂದು ನಿಲ್ಲಬೇಕಿತ್ತು. ಸಂಬಳಕ್ಕಿಂತ ಆ ಮಾತೇ ನನಗೆ ರುಚಿಸುತ್ತಿತ್ತು.

ಆ ವರ್ಷ ಪವಿತ್ರ ಬಂದಳು. ಚೇಳೂರಿನ ರೈತರ ಮನೆ ಹುಡುಗಿ. ಎಂಎಸ್ಸಿ ಮುಗಿಸಿ, ಲ್ಯಾಬ್ ನಡೆಸುತ್ತಿದ್ದ ನಮ್ಮ ಮೇಡಂ ಪ್ರಾಜೆಕ್ಟಿಗೆ ಅಸಿಸ್ಟೆಂಟ್ ಆಗಿ ಸೇರಿದಳು. ಒಂದು ವರ್ಷದ ಕೆಲಸ. ಚೆನ್ನಾಗಿ ಮಾಡಿದರೆ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತೇನೆಂದು ಮೇಡಂ ಹೇಳಿದ್ದರು. ಚೇಳೂರಿನಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು. ಆದರೂ ನಾನು ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅದು ನನಗೆ ಆಗುತ್ತಿರಲಿಲ್ಲ. ಮೊದಲು ಬರುವವನು ನಾನು ಎಂಬ ಹೆಸರಿತ್ತಲ್ಲ!

ಒಂದು ದಿನ ಮೇಡಂ ಕರೆದರು. "ಶಿವಣ್ಣ, ಹೊಸ ಆ್ಯಂಟಿಬಾಡಿ ಬಂದಿದೆ, ತುಂಬಾ ಸೂಕ್ಷ್ಮ. ಇನ್ಮೇಲೆ ಫ್ರೀಜರ್ ಕೀ ಪವಿತ್ರ ಹತ್ರ ಇರ್ಲಿ."

ಈ ಆ್ಯಂಟಿಬಾಡಿ ಏನೆಂದು ಮೇಡಂ ಹೇಳಿಕೊಟ್ಟಂತೆಯೇ ಹೇಳುತ್ತೇನೆ. ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದ ಕಡೆ ಜೀನ್ ಸುಮ್ಮನಿರುತ್ತದೆ, ಸಡಿಲವಾದ ಕಡೆ ಕೆಲಸ ಮಾಡುತ್ತದೆ. ಈ ಬಿಗಿಯನ್ನು ಬದಲಿಸುವ ಸಣ್ಣ ರಾಸಾಯನಿಕ ಗುರುತನ್ನು ಉಂಡೆಗಳ ಮೇಲೆ ಹಚ್ಚುವ ಎಂಜೈಮ್‌ಗಳಿವೆ, ಅಳಿಸುವ ಎಂಜೈಮ್‌ಗಳೂ ಇವೆ. ಅಳಿಸುವ ಒಂದು ಎಂಜೈಮ್ ಸಕ್ಕರೆ ಕಾಯಿಲೆಯಲ್ಲಿ ಹೆಚ್ಚುತ್ತದೆಯೇ ಎಂಬುದು ಮೇಡಂ ಹಿಡಿದಿದ್ದ ಪ್ರಶ್ನೆ. ಎಂಜೈಮ್ ಕಣ್ಣಿಗೆ ಕಾಣುವುದಿಲ್ಲ. ಅದೊಂದನ್ನೇ ಹುಡುಕಿ ಅಂಟಿಕೊಳ್ಳುವ ಆ್ಯಂಟಿಬಾಡಿಯನ್ನು ಮೊಲದಲ್ಲಿ ತಯಾರಿಸಿ ಸಣ್ಣ ಟ್ಯೂಬಿನಲ್ಲಿ ಮಾರುತ್ತಾರೆ. ಜೀವಕೋಶದ ಪ್ರೋಟೀನುಗಳನ್ನು ಮೆಂಬ್ರೇನ್ ಎಂಬ ಬಿಳಿ ಹಾಳೆಗೆ ಇಳಿಸಿ, ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟದಿರಲೆಂದು ಹಾಳೆಯನ್ನು ಹಾಲಿನ ಪುಡಿ ಕದಡಿದ ದ್ರಾವಣದಲ್ಲಿ ನೆನೆಸಿ, ಆಮೇಲೆ ಆ್ಯಂಟಿಬಾಡಿ ಹಾಕುತ್ತಾರೆ. ಎಂಜೈಮ್ ಇರುವ ಕಡೆ ಕೊನೆಗೆ ಕಪ್ಪು ಗೆರೆ ಮೂಡುತ್ತದೆ. ಇದು ವೆಸ್ಟರ್ನ್ ಬ್ಲಾಟ್.

ಕೀ ಕೊಟ್ಟ ದಿನವೇ ಗೇಟಿನ ವಾಚ್‌ಮನ್ ರಂಗಪ್ಪ ನನ್ನ ಸೊಂಟ ನೋಡಿ ನಕ್ಕ. "ಏನ್ಲಾ ಶಿವ, ಸೊಂಟ ಹಗುರ ಆಗೈತೆ? ಯಜಮಾನಿಕೆ ಹೋಯ್ತಾ?"

ಪವಿತ್ರ ನನ್ನನ್ನು ಅಣ್ಣ ಅನ್ನುತ್ತಿದ್ದಳು. ಮನೆಯಿಂದ ಕೊಬ್ಬರಿ ಮಿಠಾಯಿ ತಂದರೆ ಮೊದಲು ನನಗೆ ಕೊಡುತ್ತಿದ್ದಳು. ತಿನ್ನುತ್ತಿದ್ದೆ, ಒಳಗೆ ಉರಿಯುತ್ತಿದ್ದೆ. ಅಷ್ಟು ವರ್ಷ ಹಾಲಿನ ಪುಡಿ ಕದಡುತ್ತಿದ್ದವನು ನಾನು. "ತೂಕ ಸರಿಯಾಗಿರ್ಬೇಕು ಅಣ್ಣ, ನಾನೇ ಮಾಡ್ಕೋತೀನಿ" ಎಂದು ಅದನ್ನೂ ತೆಗೆದುಕೊಂಡಳು. ಮೊದಲ ಬ್ಲಾಟಿನಲ್ಲಿ ಕಪ್ಪು ಗೆರೆ ಕಡೆದಿಟ್ಟಂತೆ ಬಂತು. ಮೇಡಂ ಎಲ್ಲರನ್ನೂ ಕರೆದು ತೋರಿಸಿ ಅವಳ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ, "ಶಿವಣ್ಣ, ಎಲ್ರಿಗೂ ಟೀ" ಅಂದರು. ದಿನಾ ತರುತ್ತಿದ್ದ ಟೀ. ಅವತ್ತು ಫ್ಲಾಸ್ಕ್ ಕೈಯಲ್ಲಿ ಭಾರವಾಯಿತು.

ದಸರಾ ಬಂತು. ಊರಿಗೆ ಹೊರಡುವಾಗ ಪವಿತ್ರ ಕೀ ತಂದು ಕೊಟ್ಟಳು. "ಕರೆಂಟ್ ಏನಾದ್ರೂ ಕೈ ಕೊಟ್ರೆ ಬೇಕಾಗುತ್ತೆ, ಇಟ್ಕೊಂಡಿರಿ ಅಣ್ಣ. ಪೂಜೆಗೆ ಹೊರಗಡೆ ಕುಂಕುಮ ಇಟ್ರೆ ಸಾಕು. ಒಳಗಿಂದು ಮುಟ್ಬೇಡಿ."

ಮುಟ್ಬೇಡಿ! ಆ ಒಂದು ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಪ್ರತಿವರ್ಷ ಆಯುಧಪೂಜೆಗೆ ಲ್ಯಾಬಿನ ಸಾಮಾನನ್ನೆಲ್ಲ ಒರೆಸಿ ಪೂಜೆ ಮಾಡುವವನು ನಾನೇ. ಅವತ್ತು ರಜೆ, ನಾನೂ ರಂಗಪ್ಪನೂ ಇಬ್ಬರೇ. ಮೈಕ್ರೋಸ್ಕೋಪು, ಪಿಪೆಟ್ಟುಗಳನ್ನು ಮೇಜಿನ ಮೇಲೆ ಜೋಡಿಸಿ ಸೇವಂತಿಗೆ ಮುಡಿಸಿದೆ. ಆಮೇಲೆ ಫ್ರೀಜರ್ ತೆಗೆದು ಆ್ಯಂಟಿಬಾಡಿ ಟ್ಯೂಬುಗಳಿದ್ದ ಡಬ್ಬಿಯನ್ನು ತಂದು ನಡುವೆ ಇಟ್ಟೆ.

"ಡಬ್ಬಿಗೂ ಪೂಜೆನೇನ್ಲಾ?" ಅಂದ ರಂಗಪ್ಪ.

"ಲ್ಯಾಬಿಗೆಲ್ಲ ಇದೇ ದೊಡ್ಡ ಆಯುಧ ಕಣೋ" ಅಂದೆ.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಪೂಜೆ ಆಗುವವರೆಗೆ ಕದಲಿಸಬಾರದು, ನಮ್ಮಲ್ಲಿ ಹಾಗೆಯೇ ನಡೆದು ಬಂದಿದೆ. ಡಬ್ಬಿಯನ್ನೂ ಕದಲಿಸಲಿಲ್ಲ. ಬಿಸಿಗೆ ಕೆಡುತ್ತದೆಂದು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಷ್ಟು ವರ್ಷ ಐಸ್ ಹೊತ್ತವನು ನಾನು. ಆದರೂ ಅವಳು ಮುಟ್ಟಬೇಡಿ ಅಂದಿದ್ದನ್ನು ಮುಟ್ಟಿ, ಪೂಜೆ ಮಾಡಿ ತೋರಿಸಬೇಕೆಂಬ ಹಟ. ದೇವರ ಮುಂದೆ ಇಟ್ಟಿದ್ದು ಹೇಗೆ ಕೆಟ್ಟೀತು ಎಂದು ಸಮಾಧಾನವನ್ನೂ ಹೇಳಿಕೊಂಡೆ. ಮಾರನೇ ದಿನ ಮಂಗಳಾರತಿ ಆದ ಮೇಲೆ ಕುಂಕುಮ ಒರೆಸಿ ಡಬ್ಬಿ ಒಳಗಿಟ್ಟೆ. ಟ್ಯೂಬುಗಳಲ್ಲಿದ್ದದ್ದು ನೀರಾಗಿತ್ತು. ಪವಿತ್ರ ಬರುವಷ್ಟರಲ್ಲಿ ಮತ್ತೆ ಗಡ್ಡೆ ಕಟ್ಟಿತ್ತು. ಕೀ ಇಸಿದುಕೊಂಡು "ಥ್ಯಾಂಕ್ಸ್ ಅಣ್ಣ" ಅಂದಳು.

ಅಲ್ಲಿಂದ ಗೆರೆ ಬರಲಿಲ್ಲ. ಮೆಂಬ್ರೇನ್ ಹಾಲಿನಂತೆ ಬೆಳ್ಳಗೆ. ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಮಧ್ಯಾಹ್ನದ ಊಟದ ಡಬ್ಬಿ ತೆಗೆಯದೆ ವಾಪಸ್ ಒಯ್ಯುತ್ತಿದ್ದಳು. ಹೇಳಿಬಿಡು ಎಂದು ಮನಸ್ಸು ಅನ್ನುತ್ತಿತ್ತು. ಮಾಡಲಿ ಬಿಡು, ಬೆನ್ನು ತಟ್ಟಿಸಿಕೊಂಡಳಲ್ಲ ಎಂದು ಅದೇ ಮನಸ್ಸು ಇನ್ನೊಂದು ಮಾತೂ ಆಡುತ್ತಿತ್ತು.

ಕೊನೆಗೆ ಮೇಡಂ ಅವಳನ್ನು ನಿಲ್ಲಿಸಿಕೊಂಡು ಕೇಳಿದರು. ನಾನು ಸಿಂಕಿನ ಹತ್ತಿರ ಫ್ಲಾಸ್ಕ್ ತೊಳೆಯುತ್ತಿದ್ದೆ. "ಫ್ರಿಜ್ಜಲ್ಲಿರೋ ಬೇರೆ ಆ್ಯಂಟಿಬಾಡಿ ಸರಿಯಾಗಿ ಗೆರೆ ಕೊಡ್ತಿದೆ. ಅಂದ್ರೆ ನಿನ್ನ ವಿಧಾನ ಸರಿ ಇದೆ. ಈ ಡಬ್ಬಿನೇ ಎಲ್ಲೋ ಹೊರಗಡೆ ಉಳಿದಿದೆ. ಕೀ ಯಾರ ಹತ್ರ ಇತ್ತು?"

"ನನ್ನ ಹತ್ರನೇ ಮೇಡಂ" ಅಂದಳು.

ಹಬ್ಬಕ್ಕೆ ನನಗೆ ಕೊಟ್ಟಿದ್ದನ್ನು ಹೇಳಲಿಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲವೋ, ಬೇಕೆಂದೇ ಕಾಪಾಡಿದಳೋ ಇವತ್ತಿಗೂ ಗೊತ್ತಿಲ್ಲ. ನಾನು ನಲ್ಲಿ ಜೋರಾಗಿ ತಿರುಗಿಸಿದೆ.

ವರ್ಷ ಮುಗಿದ ಮೇಲೆ ಅವಳನ್ನು ಮುಂದುವರಿಸುವುದಿಲ್ಲವೆಂದು ತೀರ್ಮಾನವಾಯಿತು. ಕೀಯನ್ನು ಅವಳೇ ತಂದು ನನ್ನ ಕೈಗಿಟ್ಟಳು. "ಫ್ರೀಜರ್ ಬಾಗಿಲು ಸ್ವಲ್ಪ ಒತ್ತಿ ಹಾಕಿ ಅಣ್ಣ. ನಾನೇ ಯಾವತ್ತೋ ಡಬ್ಬಿ ಹೊರಗಿಟ್ಟು ಮರ್ತಿದೀನಿ. ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ."

ಕೀ ಅವಳ ಕೈಯ ಬೆವರಿಗೆ ಒದ್ದೆಯಾಗಿತ್ತು. ತಿಂಗಳುಗಟ್ಟಲೆ ಆಸೆಪಟ್ಟಿದ್ದು ಕೈಗೆ ಬಂದಿತ್ತು. ಸೊಂಟಕ್ಕೆ ಸಿಕ್ಕಿಸಲು ಆಗಲಿಲ್ಲ. ನೇರ ಮೇಡಂ ರೂಮಿಗೆ ಹೋಗಿ, ಕೀಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಮೇಡಂ ಕೀಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಡಬ್ಬಿ ವಿಷಯ ಬಿಡಿ ಶಿವಣ್ಣ. ಇಷ್ಟು ದಿನ ಆ ಹುಡುಗಿ ಒದ್ದಾಡೋದನ್ನ ನೋಡ್ಕೊಂಡು ಹೆಂಗಿದ್ರಿ?"



ಹೊಸ ಆ್ಯಂಟಿಬಾಡಿ ತರಿಸಿದರು. ಪವಿತ್ರಳ ಕೈಯಲ್ಲೇ ಗೆರೆ ಮತ್ತೆ ಮೂಡಿತು, ಪಿಎಚ್‌ಡಿಗೂ ಸೇರಿದಳು. ನಾನು ಕ್ಷಮೆ ಕೇಳಿದಾಗ "ಬುಡಿ ಅಣ್ಣ" ಎಂದು ಮುಖ ತಿರುಗಿಸಿ ಪಿಪೆಟ್ ಎತ್ತಿಕೊಂಡಳು. ನಿವೃತ್ತಿಯಾಗುವವರೆಗೆ ನಾನು ಆ ಫ್ರೀಜರ್ ಮುಟ್ಟಲಿಲ್ಲ.

ಕೆಟ್ಟ ಆ್ಯಂಟಿಬಾಡಿಯ ಬದಲು ಇನ್ನೊಂದು ಬರುತ್ತದೆ. ನನ್ನ ಹೊಟ್ಟೆಕಿಚ್ಚು ಕೆಡಿಸಿದ್ದು ಅವಳಿಗೆ ತನ್ನ ಮೇಲಿದ್ದ ನಂಬಿಕೆಯನ್ನು, ಅದಕ್ಕೆ ಬದಲಿ ಇಲ್ಲ ಎಂಬುದನ್ನು ಕೆಲಸದ ಕೊನೆಯ ವರ್ಷಗಳಲ್ಲಿ ದಿನಾ ಸಂಜೆ ಕಲಿತೆ. ಗುಬ್ಬಿ ಬಸ್ಸಿಗೆಂದು ಹೊರಟ ಪವಿತ್ರ ಗೇಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಫ್ರೀಜರಿನ ಬಾಗಿಲನ್ನು ಅಂಗೈಯಿಂದ ಒತ್ತಿ, ಬೀಗ ಎಳೆದು ನೋಡುತ್ತಿದ್ದಳು.

"ಹಾಕಿದೀಯ ಕಣಮ್ಮ, ನಾನೇ ನೋಡಿದೀನಿ. ಬಸ್ಸು ಹೋಗುತ್ತೆ" ಅನ್ನುತ್ತಿದ್ದೆ.

"ಗೊತ್ತು ಅಣ್ಣ. ಆದ್ರೂ ಒಂದ್ಸಲ" ಎಂದು ಇನ್ನೊಮ್ಮೆ ಒತ್ತುತ್ತಿದ್ದಳು.