ಕಲೆ ತೆಗೆಯುವವಳ ಎದೆಯ ಮೇಲಿನ ಗುರುತು

ಆ ಬುಧವಾರ ನನ್ನ ಅಕ್ಕನನ್ನು ಮಷಿನ್ ಕೋಣೆಯ ಬಾಗಿಲಿನಿಂದ ವಾಪಸು ಕಳಿಸಿದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಪ್ಪು ಅವನದಲ್ಲ ಎಂದು ಗೊತ್ತಿದ್ದೂ ಇದೆ. ನಾನು ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಎಸೆದು ಬಂದವನು, ಬರೆದು ರೂಢಿಯಿಲ್ಲ. ಆದರೆ ಅಕ್ಕನ ವಿಷಯ ಬೇರೆ ಯಾರೂ ಬರೆಯುವುದಿಲ್ಲ.

ಅಕ್ಕ ಮೂವತ್ತೊಂದು ವರ್ಷ ಒಂದೇ ಲಾಂಡ್ರಿಯಲ್ಲಿ ಕಲೆ ತೆಗೆದಳು. ಮುಂದೆ ಗಿರಾಕಿಗಳು ನಿಲ್ಲುವ ಕಟ್ಟೆ, ನಡುವೆ ನನ್ನ ಇಸ್ತ್ರಿ ಮೇಜು, ಹಿಂದೆ ಕಿಟಕಿಯ ಪಕ್ಕ ಅವಳ ಮೇಜು. ಅದರ ಮೇಲೆ ಸ್ಪಿರಿಟ್ಟು, ವಿನೆಗರ್, ಸೋಡಾಪುಡಿ, ಹಳೇ ಬನಿಯನ್ನಿನ ತುಂಡುಗಳು. ಬಟ್ಟೆ ಬಂದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಎಣ್ಣೆಯೋ, ರಕ್ತವೋ, ಶಾಯಿಯೋ, ಮೂಗೇ ಹೇಳಬೇಕು.

"ಉಜ್ಜಬಾರದು ಕಣೋ, ಒತ್ತಬೇಕು. ಅಂಚಿಂದ ನಡುವಿಗೆ ಬರ್ಬೇಕು. ನಡುವಿಂದ ಶುರು ಮಾಡಿದ್ರೆ ಊರೆಲ್ಲ ಹರಡುತ್ತೆ, ನಿನ್ನ ಬಾಯಿ ಥರ" ಎನ್ನುತ್ತಿದ್ದಳು.

ಅಮ್ಮ ಸತ್ತಾಗ ಅವಳಿಗೆ ಹದಿನೇಳು, ನನಗೆ ಒಂಬತ್ತು. ಅಂದಿನಿಂದ ನನ್ನನ್ನು ಸಾಕಿದ್ದು ಅವಳೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಒಬ್ಬ ಗಂಡಸನ್ನ ಸಾಕಿದ್ದೇ ಸಾಕಾಗಿದೆ" ಎಂದು ನನ್ನ ಕಡೆ ಕಣ್ಣು ತೋರಿಸುತ್ತಿದ್ದಳು. ನನ್ನನ್ನು ಕೆಂಡ ಎಂದೇ ಕರೆಯುತ್ತಿದ್ದಳು. "ಇಸ್ತ್ರಿಪೆಟ್ಟಿಗೆ ಯಾಕೋ ಬೇಕು? ನಿನ್ನ ತಲೆ ಮೇಲೆ ಶರ್ಟು ಹಾಸಿದ್ರೆ ಸಾಕು."

ಹೋದ ವರ್ಷ ಅವಳಿಗೆ ತುತ್ತು ಇಳಿಯುವುದು ಕಷ್ಟವಾಯಿತು. ಮೊದಲು ರೊಟ್ಟಿ, ಆಮೇಲೆ ಅನ್ನ, ಆಮೇಲೆ ಗಂಜಿಯೂ ಎದೆಯಲ್ಲಿ ನಿಲ್ಲತೊಡಗಿತು. ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ಕೊಯ್ಯುವ ಜಾಗವಲ್ಲ, ಕರೆಂಟು, ಅಂದರೆ ರೇಡಿಯೇಶನ್, ಕೊಡೋಣ, ಇಪ್ಪತ್ತೆಂಟು ಸಲ, ಶನಿವಾರ ಭಾನುವಾರ ಬಿಟ್ಟು ದಿನವೂ ಬರಬೇಕು ಎಂದರು. ನೇರಳೆ ಶಾಯಿಯಲ್ಲಿ ಅವಳ ಎದೆಯ ಮೇಲೂ ಪಕ್ಕೆಗಳ ಮೇಲೂ ಗೆರೆ ಎಳೆದು, ಕತ್ತಿನ ಗುಳಿಯಲ್ಲಿ ಒಂದು ಅಡ್ಡಗೆರೆ ಹಾಕಿದರು. ಮಷಿನ್ನಿಗೆ ಗುರಿ ಇದೇ, ಇದು ಅಳಿಸಬಾರದು ಎಂದರು.

ಮಷಿನ್ ನಡೆಸುವವನು ಸಣಕಲು ಆಳು, ಬಿಳಿ ಕೋಟು, ಕಿಸೆಯಲ್ಲಿ ನಾಲ್ಕು ಪೆನ್ನು. ಮೂರನೇ ದಿನ ಬೆಂಚಿನ ಮೇಲೆ ಕಾಯುವಾಗ ಅಕ್ಕ ಅವನನ್ನು ಹಿಡಿದುಕೊಂಡಳು.

"ಅಲ್ಲಪ್ಪಾ, ಬೆಳಕು ಕಾಣಲ್ಲ, ಬಿಸಿ ಆಗಲ್ಲ. ಒಳಗೆ ಅದು ಮಾಡೋದಾದ್ರೂ ಏನು?"

ಅವನು ಗೋಡೆಯ ಮೇಲಿದ್ದ ಎರಡು ಚಿತ್ರ ತೋರಿಸಿದ. ಒಂದರಲ್ಲಿ ಒತ್ತೊತ್ತಾಗಿ ಕಡು ನೇರಳೆ ಚುಕ್ಕಿಗಳು. ಇನ್ನೊಂದರಲ್ಲಿ ಅವೇ ಚುಕ್ಕಿಗಳು ಊದಿ, ಅಂಕುಡೊಂಕಾಗಿ, ಕೆಲವು ಚೂರುಚೂರಾಗಿದ್ದವು.

"ಇವು ಜೀವಕೋಶಗಳಮ್ಮ. ನಡುವಿರೋ ಚುಕ್ಕಿ ಅದರ ಬೀಜ. ಬೀಜದೊಳಗೆ ಉದ್ದದ ದಾರ ಸುತ್ತಿಟ್ಟಿರುತ್ತೆ, ಎರಡು ಎಳೆ ಹೊಸೆದ ದಾರ. ನಮ್ಮ ಕರೆಂಟು ಹೋಗಿ ಆ ದಾರ ಕಡಿಯುತ್ತೆ."

"ಒಂದು ಎಳೆನೋ, ಎರಡೂನೋ?" ಅಕ್ಕ ಕೇಳಿದಳು. ಅವಳು ಹರಿದ ಬಟ್ಟೆಗೆ ಎಳೆ ಎಳೆ ಸೇರಿಸಿ ರಫೂ ಹಾಕುತ್ತಿದ್ದವಳು.

ಅವನು ಅವಳನ್ನು ಒಮ್ಮೆ ಸರಿಯಾಗಿ ನೋಡಿದ. "ಒಂದೇ ಕಡಿದ್ರೆ, ಇನ್ನೊಂದನ್ನ ನೋಡ್ಕೊಂಡು ಕೋಶ ಹೊಲ್ಕೊಳ್ಳುತ್ತೆ. ಎರಡೂ ಒಂದೇ ಕಡೆ ಕಡಿದ್ರೆ ಕಷ್ಟ. ಒಳ್ಳೇ ಕೋಶ ತಡೆದು, ನಿಧಾನವಾಗಿ ರಿಪೇರಿ ಮಾಡ್ಕೊಳ್ಳುತ್ತೆ. ಕ್ಯಾನ್ಸರ್ ಕೋಶಕ್ಕೆ ಒಂದು ಎರಡಾಗೋ ಅವಸರ. ಹರುಕು ದಾರ ಇಟ್ಕೊಂಡೇ ಒಡೆಯೋಕೆ ಹೋಗುತ್ತೆ, ಆವಾಗ ಬೀಜನೇ ಚಿಂದಿಯಾಗಿ ಸಾಯುತ್ತೆ. ಇವತ್ತು ಪೆಟ್ಟು ಬಿದ್ರೂ ಸಾಯೋದು ಎಷ್ಟೋ ದಿನದ ಮೇಲೆ."

"ಅವಸರದ ಗಿರಾಕಿ ಅನ್ನಿ. ಒಣಗೋ ಮುಂಚೆ ಉಟ್ಕೊಂಡು ಹೋಗಿ ಹರ್ಕೊಳ್ಳೋರು."

ಅವನು ನಕ್ಕ. "ಹಾಗೇನೇ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ ಕೊಡೋದು. ಆದ್ರೆ ಮಧ್ಯ ತಪ್ಪಿಸಬೇಡಿ. ಬಿಡುವು ಸಿಕ್ರೆ ಉಳಿದಿರೋ ಕೆಟ್ಟ ಕೋಶಗಳು ಮತ್ತೆ ಬೆಳೆದು ತುಂಬ್ಕೊಳ್ತವೆ."

"ಮತ್ತೆ ಈ ನೇರಳೆ ಬಣ್ಣ ಯಾರದು?"

"ನಾವೇ ಹಾಕೋದು. ಬಣ್ಣ ಹಾಕದಿದ್ರೆ ಬೀಜ ಕಾಣಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. "ನೋಡೋ ಕೆಂಡ. ನಾನು ಜೀವಮಾನವೆಲ್ಲ ತೆಗೆದೆ, ಇವರು ಬೇಕೂಂತ ಹಾಕ್ತಾರೆ."

ಹನ್ನೊಂದು ಸಲ ಆಯಿತು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಲಾಂಡ್ರಿ. ಮನೆಯಲ್ಲಿರು ಎಂದರೆ ಕೇಳುವವಳಲ್ಲ. ಮಂಗಳವಾರ ಒಬ್ಬ ಹೆಂಗಸು ರೇಷ್ಮೆ ಬಟ್ಟೆ ತಂದವಳು ಅಕ್ಕನ ಕತ್ತು ನೋಡಿ, "ನಿನ್ನ ಮೈಮೇಲಿರೋದನ್ನೇ ತೆಗೆಯೋಕಾಗಿಲ್ಲ, ನನ್ನದೇನು ತೆಗೀತೀಯಮ್ಮಾ" ಎಂದು ಬಟ್ಟೆ ಎತ್ತಿಕೊಂಡು ಹೋದಳು. ಅಕ್ಕ ನಕ್ಕಳು. ಆದರೆ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡು ಕೂತಳು, ಸಾಯಂಕಾಲದವರೆಗೂ ಹಾಗೇ ಕೂತಳು. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು. ಸ್ಪಿರಿಟ್ಟಿನ ಬಾಟಲಿ ತೆಗೆದು ಅವಳ ಮುಂದೆ ಕುಕ್ಕಿದೆ.

"ಕತ್ತಿಂದು ತೆಗೆದುಬಿಡು. ಒಂದೇ ತಾನೆ? ಮಿಕ್ಕಿದ್ದು ಒಳಗಿದೆಯಲ್ಲ. ನಾಳೆ ಅವನೇ ಹಾಕ್ತಾನೆ."

"ಬೇಡ ಕಣೋ. ಅವರು ಹೇಳಿದ್ದಾರೆ."

"ಹೇಳ್ತಾರೆ. ಬೀದೀಲಿ ಮಾತು ಕೇಳೋದು ಅವರಾ, ನಾವಾ?"

ಬನಿಯನ್ ತುಂಡನ್ನು ಒದ್ದೆ ಮಾಡಿ ಕೈಗೆ ಕೊಟ್ಟವನೂ ನಾನೇ. ಅವಳು ಪರದೆಯ ಹಿಂದೆ ಹೋದಳು. ಹೊರಗೆ ಬಂದಾಗ ಮುಖ ಬಿಳಚಿಕೊಂಡಿತ್ತು. "ಕೈ ನಿಲ್ಲಲಿಲ್ಲ ಕಣೋ" ಎಂದಳು. ಮೂವತ್ತೊಂದು ವರ್ಷದ ಕೈ. ಒಂದು ಹೋದ ಮೇಲೆ ಪಕ್ಕದ್ದು ಕಣ್ಣಿಗೆ ಬಿದ್ದಿದೆ, ಅದು ಹೋದ ಮೇಲೆ ಇನ್ನೊಂದು. ಅಂಚಿನಿಂದ ನಡುವಿಗೆ ಬಂದು, ಒಂದು ಗೆರೆಯೂ ಉಳಿಯದಂತೆ ಎಲ್ಲವನ್ನೂ ತೆಗೆದುಬಿಟ್ಟಿದ್ದಳು.

ಮರುದಿನವೇ ಆ ಬುಧವಾರ.

"ಗುರುತಿಲ್ಲದೆ ಕೊಡೋಕಾಗಲ್ಲಮ್ಮ. ಬೇರೆ ಕಡೆ ಬಿದ್ರೆ ಒಳ್ಳೇ ದಾರ ಕಡಿಯುತ್ತೆ. ಮತ್ತೆ ಸ್ಕ್ಯಾನ್ ಮಾಡಿ, ಅಳತೆ ತಗೊಂಡು ಹಾಕಬೇಕು" ಎಂದ ಅವನು.

"ಎಳಿಯೋ ನಾಲ್ಕು ಗೆರೆ! ನೀನೇ ಎಳೆದಿದ್ದಲ್ವಾ? ನೆನಪಿಲ್ವಾ?" ಎಂದು ನಾನು ಕೂಗಿದೆ.

"ನೆನಪಿಂದ ಎಳೆಯೋದಲ್ಲ ಇದು."

ಅವನ ಮೇಜಿನ ಮೇಲೆ ಅದೇ ಶಾಯಿಯ ಸೀಸೆಯಿತ್ತು. ಅದನ್ನು ಎತ್ತಿ "ತಗೋ, ಎಳಿ" ಎಂದು ಅವನ ಎದೆಗೆ ಒತ್ತಿದೆ. ಮುಚ್ಚಳ ಸಡಿಲವಾಗಿತ್ತು. ಬಿಳಿ ಕೋಟಿನ ಮೇಲೆ ಕಿಸೆಯಿಂದ ಸೊಂಟದವರೆಗೆ ನೇರಳೆ ಇಳಿಯಿತು. ಅವನು ಕಿಸೆಯಿಂದ ಪೆನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲ.

ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಬಿಚ್ಚಪ್ಪಾ ಕೋಟು. ಆರೋ ಮುಂಚೆ ಕೊಡು. ತೆಗೆದು ತಂದುಕೊಡ್ತೀನಿ. ಇವನ ಪರವಾಗಿ ತಪ್ಪಾಯ್ತು."

"ನೀವು ಯಾಕಮ್ಮ ಹೇಳ್ತೀರಿ?" ಎಂದ ಅವನು, ಕೋಟು ಬಿಚ್ಚುತ್ತಾ. ನನ್ನ ಕಡೆ ನೋಡಲಿಲ್ಲ.

ಸ್ಕ್ಯಾನಿಗೆ ಸರದಿ. ಗುರುತು ಒಪ್ಪಬೇಕಾದ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಒಟ್ಟು ಒಂಬತ್ತು ದಿನ ಹೋಯಿತು. ಆ ಒಂಬತ್ತು ದಿನವೂ ಅಕ್ಕ ಕಿಟಕಿಯ ಪಕ್ಕ ಕೂತು ಆ ಕೋಟನ್ನು ಒತ್ತುತ್ತಿದ್ದಳು. ಚರ್ಮದಿಂದ ಸಲೀಸಾಗಿ ಬಂದಿದ್ದು ಬಟ್ಟೆಯಿಂದ ಬರಲೊಲ್ಲದು. ಒಮ್ಮೆ ತಲೆ ಎತ್ತದೆ ಕೇಳಿದಳು, "ಈಗ ಅವು ಒಳಗೆ ತುಂಬ್ಕೊಳ್ತಿರ್ತಾವೇನೋ, ಅಲ್ವಾ?" ನಾನು ಇಸ್ತ್ರಿಪೆಟ್ಟಿಗೆಯನ್ನು ಒಂದೇ ಕಡೆ ಇಟ್ಟುಕೊಂಡು ನಿಂತಿದ್ದೆ. ಗಿರಾಕಿಯ ಶರ್ಟು ಸುಟ್ಟುಹೋಯಿತು.

ಉಳಿದ ಹದಿನೇಳೂ ಮುಗಿದವು. ಒಂದು ತಿಂಗಳು ಅನ್ನ ಇಳಿಯಿತು. ಆಮೇಲೆ ನೀರೂ ನಿಂತಿತು. ಅಕ್ಕ ಹೋಗುವಾಗ ಹಸಿದಿದ್ದಳು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಒಂಬತ್ತು ದಿನದಿಂದಲೇ ಹೀಗಾಯಿತಾ ಎಂದು ಡಾಕ್ಟರನ್ನು ಕೇಳಿದೆ. "ಹಾಗಂತ ಹೇಳೋಕಾಗಲ್ಲ" ಎಂದರು. ಇಲ್ಲ ಎಂದೂ ಹೇಳಲಿಲ್ಲ.

ಕೋಟು ನನ್ನ ಇಸ್ತ್ರಿ ಮೇಜಿನ ಮೇಲಿನ ಸರಳಿನಲ್ಲಿ ನೇತಾಡುತ್ತಿದೆ, ಅಕ್ಕನೇ ಚೀಟಿ ಹಚ್ಚಿದ್ದಾಳೆ. ಕಿಸೆಯ ಕೆಳಗೆ ಮಸುಕು ನೇರಳೆ ಇನ್ನೂ ಇದೆ. ಪೂರ್ತಿ ಹೋಗದ ಬಟ್ಟೆಯನ್ನು ಅವಳು ಯಾರಿಗೂ ವಾಪಸು ಕೊಟ್ಟವಳಲ್ಲ, ಅದಕ್ಕೇ ಕೊಟ್ಟಿಲ್ಲ ಎಂದು ಲಾಂಡ್ರಿಯ ಮಾಲೀಕರಿಗೆ ಹೇಳಿದ್ದೇನೆ. ಎರಡು ಸಲ ಇಸ್ತ್ರಿ ಮಾಡಿ, ಮಡಿಚಿ, ಆಸ್ಪತ್ರೆಯ ಗೇಟಿನವರೆಗೂ ಒಯ್ದಿದ್ದೆ. ಕೋಟು ಕೊಟ್ಟರೆ ಜೊತೆಗೊಂದು ಮಾತೂ ಕೊಡಬೇಕು. ಅಕ್ಕ ನನ್ನ ಪರವಾಗಿ ಹೇಳಿದ್ದನ್ನು ಅವನು ಲೆಕ್ಕಕ್ಕೆ ಹಿಡಿದಿಲ್ಲ, ನನಗೆ ಗೊತ್ತು. ಎರಡು ಸಲವೂ ಗೇಟಿನಿಂದಲೇ ತಿರುಗಿ ಬಂದೆ.