ಹೆದ್ದಾರಿಯ ಆಚೆ ಬದಿಯ ತಂಗಿ

ಕೊಟ್ಟಾರದ ಹೆದ್ದಾರಿ ಬದಿಯಲ್ಲಿ ಅಜ್ಜಿಯೊಬ್ಬರು ನಿಂತು ಆಚೆ ಬದಿಗೆ ಕೈ ಬೀಸುತ್ತಿದ್ದರು. ಅಲ್ಲಿಯೂ ಒಬ್ಬರು ಅಜ್ಜಿ ಕೈ ಬೀಸುತ್ತಿದ್ದರು. ಸಾಲು ಸಾಲು ಲಾರಿಗಳ ನಡುವೆ ಅವರು ಒಮ್ಮೆ ಕಾಣುತ್ತಿದ್ದರು, ಒಮ್ಮೆ ಮರೆಯಾಗುತ್ತಿದ್ದರು.

ನಾನು ಸಾರ್ವಜನಿಕ ನೀತಿ ವಿಷಯದ ಪದವಿ ವಿದ್ಯಾರ್ಥಿನಿ. ಜನ ಇಲ್ಲಿ ರಸ್ತೆ ಹೇಗೆ ದಾಟುತ್ತಾರೆಂದು ನೋಡಿ ಬರಲು ಕಾಲೇಜಿನಿಂದ ಕಳುಹಿಸಿದ್ದರು. ಆಚೆ ಇರುವುದು ಯಾರೆಂದು ಅಜ್ಜಿಯನ್ನು ಕೇಳಿದೆ.

“ನನ್ನ ತಂಗಿ, ಮಗಾ. ಮೊದಲು ದಿನಾ ಹೋಗ್ತಿದ್ದೆ. ರೋಡ್ ದೊಡ್ಡದಾದ ಮೇಲೆ ದಾಟ್ಲಿಕ್ಕೆ ಧೈರ್ಯ ಇಲ್ಲ. ಸಂಜೆ ಹೀಗೆ ನೋಡುದು, ಅಷ್ಟೇ.”

ನಾನು ಕೈ ಚಾಚಿದೆ. ಲಾರಿಗಳತ್ತ ಒಮ್ಮೆ ನೋಡಿ ಅವರು ಹಿಡಿದುಕೊಂಡರು. ಡಿವೈಡರ್ ಮೇಲೆ ನಿಂತಾಗ ಎರಡೂ ಕಡೆ ವಾಹನಗಳು ಸಂಜೆಯ ಬಿಸಿಲಿನಲ್ಲಿ ಹೊಳೆಯಂತೆ ಹರಿಯುತ್ತಿದ್ದವು. ಅಜ್ಜಿಯ ಸೆರಗು ಗಾಳಿಗೆ ಹಾರಿ ನನ್ನ ಕೆನ್ನೆ ಸವರುತ್ತಿತ್ತು. ಸದ್ದೆಲ್ಲ ದೂರ ಸರಿದು, ನಾವಿಬ್ಬರೇ ಹೊಳೆಯ ನಡುಗಡ್ಡೆಯಾದ ಕುದ್ರುವಿನಲ್ಲಿ ನಿಂತಂತೆ ಅನಿಸಿತು.

ಆಚೆ ತಲುಪಿದಾಗ ತಂಗಿ ಹತ್ತಿರ ಬಂದರು. ಅಕ್ಕನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕನನ್ನು ಇವತ್ತು ವಾಪಸ್ ಕರ್ಕೊಂಡು ಹೋಗ್ಬೇಡ ಮಾರಾಯ್ತಿ” ಎಂದರು.

ಸಾರ್ವಜನಿಕ ನೀತಿ ಓದಿದರೆ ಎಂತ ಕೆಲಸ ಸಿಗ್ತದೆ ಎಂದು ಮನೆಯಲ್ಲಿ ಕೇಳಿ ಕೇಳಿ, ನಾನೂ ಕೋರ್ಸ್ ಬದಲಿಸುವ ಯೋಚನೆಯಲ್ಲಿದ್ದೆ. ಅಂದು ಒಬ್ಬಳೇ ರಸ್ತೆ ದಾಟಿ ದೇರೆಬೈಲಿನ ಮನೆಗೆ ಹೋದವಳು, ಅಜ್ಜಿಯರೂ ದಾಟುವ ಹಾಗೆ ರಸ್ತೆ ಮಾಡಿಸುವ ಕೆಲಸ ಇದೆ, ಇದನ್ನೇ ಓದುತ್ತೇನೆ ಎಂದು ಅಮ್ಮನಿಗೆ ಹೇಳಿದೆ.