ಅರ್ಧ ಕೆನ್ನೆಯ ಕ್ಷೌರ

ಆ ಬೀದಿಯ ಕ್ಷೌರದಂಗಡಿಯವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದ ಮಾತು ಶಟರ್ ಎಳೆಯುವವರೆಗೂ ನಿಲ್ಲುತ್ತಿರಲಿಲ್ಲ. ಬಿಸಿಲು, ಆಟ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಯಾವುದಾದರೂ ಸರಿ. ಆದರೆ ಆ ಮಾತಿಗೊಂದು ಕಟ್ಟುಪಾಡಿತ್ತು. ಕುರ್ಚಿಯಲ್ಲಿ ಕೂತವರು ಹೇಳಿಕೊಂಡ ಮನೆಯ ಸಂಗತಿ ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ. ಕತ್ತರಿಸಿದ ಕೂದಲಿನ ಜೊತೆ ಅದನ್ನೂ ಗುಡಿಸಿ ಹಾಕಬೇಕು ಎಂದು ಅಪ್ಪ ಕಸುಬಿನ ಜೊತೆಗೇ ಕಲಿಸಿದ್ದ. ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಅದನ್ನು ಮೀರಿರಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವನು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದ. ಇದು ತಿಳಿದು ಆರೋಗ್ಯ ಕೇಂದ್ರದ ನರ್ಸ್ ಅವನನ್ನು ತಮ್ಮ ತರಗತಿಗೆ ಕರೆದರು. ವಾಸಿಯಾಗದ ಕಾಯಿಲೆಯವರು ಇರುವಷ್ಟು ದಿನ ನೋವಿಲ್ಲದೆ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವ ತರಗತಿ ಅದು.

"ನಾನೇನು ಡಾಕ್ಟರಾ ಸಿಸ್ಟರ್? ನಂಗೆ ಗೊತ್ತಿರೋದು ಕತ್ತಿನಿಂದ ಮೇಲೆ ಮಾತ್ರ."

"ಡಾಕ್ಟರ್ ತಿಂಗಳಿಗೊಂದ್ಸಲ ನೋಡ್ತಾರೆ. ನೀವು ವಾರ ವಾರ ನೋಡ್ತೀರಿ. ಬನ್ನಿ."

ತರಗತಿಗೆ ಔಷಧಿ ಅಂಗಡಿಯವನು, ಮೈ ಒರೆಸಲು ಹೋಗುವ ಹೆಂಗಸರು, ರೋಗಿಗಳ ಮನೆಯವರು ಬಂದಿದ್ದರು. ಕೆಳಗಿನ ಬಟ್ಟೆಯನ್ನೇ ಹಿಡಿದು ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದನ್ನು ರೇಡಿಯೋ ಎರಡೇ ಸಲಕ್ಕೆ ಕಲಿತ. ನೋವನ್ನು ಅಂಕೆಯಲ್ಲಿ ಕೇಳುವುದನ್ನೂ ಕಲಿತ. ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾಗದ್ದು.

"ಅವರು ಹೇಳಿದ ಅಂಕೆನೇ ಬರ್ಕೊಳ್ಳಿ" ಎಂದರು ನರ್ಸ್. "ಮುಖ ಬೇರೆ ಏನಾದ್ರೂ ಹೇಳ್ತಿದ್ರೆ ಇನ್ನೊಂದ್ಸಲ ಕೇಳಿ. ನಂಗೂ ತಿಳಿಸಿ."

ಈ ಕೊನೆಯ ಮಾತು ಮಾತ್ರ ಅಪ್ಪ ಕಲಿಸಿದ್ದಕ್ಕೆ ಒಗ್ಗುವಂತಿರಲಿಲ್ಲ.

ಅವನ ಗುರುವಾರದ ಮನೆಗಳಲ್ಲಿ ಒಂದು ಹಳೆಯ ಗೆಳೆಯನದು. ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದ ಕಂಡಕ್ಟರ್. ಈಗ ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿ, ಕಿಟಕಿಯ ಪಕ್ಕದ ಮಂಚವೇ ಅವನ ಲೋಕವಾಗಿತ್ತು. ನರ್ಸ್ ಮನೆಗೆ ಬಂದು ಎಷ್ಟು ಸಲ ಕೇಳಿದರೂ ಅವನು "ಎರಡು" ಎನ್ನುತ್ತಿದ್ದ. ನರ್ಸ್ ಎರಡು ಎಂದೇ ಬರೆದುಕೊಳ್ಳುತ್ತಿದ್ದರು. ಹೆಂಡತಿಗೂ ಸಮಾಧಾನ.

ಆದರೆ ರೇಡಿಯೋನ ಬೆರಳುಗಳಿಗೆ ಸಮಾಧಾನವಿರಲಿಲ್ಲ. ಹಲ್ಲು ಕಚ್ಚಿ ಹಿಡಿದವನ ಕೆನ್ನೆ ಮರದ ಹಾಗಿರುತ್ತದೆ, ಕತ್ತಿ ಸಲೀಸಾಗಿ ಓಡುವುದಿಲ್ಲ. ಒಂದು ಗುರುವಾರ, ಗೆಳೆಯನ ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಅವನು ಮೆಲ್ಲಗೆ ಕೇಳಿದ.

"ನಿಜ ಹೇಳೋ. ಎಷ್ಟು?"

"ಎಂಟು."

"ಮತ್ತೆ ಸಿಸ್ಟರ್ ಹತ್ರ ಎರಡು ಅಂತೀಯಲ್ಲೋ."

"ದೊಡ್ಡಾಸ್ಪತ್ರೆ ಡಾಕ್ಟರ್ ಮನೆಗೆ ಕಳಿಸೋವಾಗ ಏನಂದ್ರು ಗೊತ್ತಾ? ಐದು ದಾಟಿದ್ರೆ ಬಂದು ಅಡ್ಮಿಟ್ ಆಗಿ ಅಂದ್ರು. ಇನ್ನೊಂದ್ಸಲ ಅಲ್ಲಿಗೆ ಹೋದ್ರೆ ವಾಪಸ್ ಟಿಕೆಟ್ ಇಲ್ಲ. ನಾನು ಇಲ್ಲೇ ಇರ್ತೀನಿ. ನೀನು ಯಾರಿಗಾದ್ರೂ ಬಾಯಿ ಬಿಟ್ರೆ ನೋಡು."

"ನಾನು ಹೇಳೋನಾ?" ಎಂಬ ಮಾತು ಅಭ್ಯಾಸಬಲದಿಂದ ಅವನ ಬಾಯಿಂದ ಹೊರಟೇಬಿಟ್ಟಿತು.

ಆ ವಾರವೆಲ್ಲ ಅಂಗಡಿಯಲ್ಲಿ ಕತ್ತರಿಯ ಸದ್ದು ಮಾತ್ರ ಕೇಳಿಸಿತು. "ರೇಡಿಯೋ ಕೆಟ್ಟೋಯ್ತಾ? ರಿಪೇರಿಗೆ ಕೊಡ್ಲಾ?" ಎಂದು ಮನೆಯಲ್ಲಿ ಅವನ ಹೆಂಡತಿಯೂ ಛೇಡಿಸಿದಳು. ಅವನು ನಗಲಿಲ್ಲ. ಹೇಳಿದರೆ ಅಪ್ಪ ಕಲಿಸಿದ ಮಾತು ಮುರಿಯುತ್ತದೆ. ಗೆಳೆಯನನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರೂ ಸೇರಿಸಿಯಾರು. ಹೇಳದಿದ್ದರೆ ಅವನು ದಿನವೂ ಹಲ್ಲು ಕಚ್ಚಿಕೊಂಡೇ ಇರಬೇಕು. ಯೋಚಿಸಿ ಯೋಚಿಸಿ ರೇಡಿಯೋ ಒಂದು ದಾರಿ ಕಂಡುಕೊಂಡ.

ಮುಂದಿನ ಗುರುವಾರ ನರ್ಸ್ ಬರುವ ಹೊತ್ತು ನೋಡಿಕೊಂಡು ಕಂಡಕ್ಟರನ ಮನೆಗೆ ಹೋದ. ಎರಡೂ ಕೆನ್ನೆಗೆ ನೊರೆ ಹಚ್ಚಿದ. ಬಲಗೆನ್ನೆ ಮುಗಿಸಿದ. ಕತ್ತಿ ಒರೆಸಿ, ಮಡಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟ.

"ಯಾಕೋ? ಕತ್ತಿ ಮೊಂಡಾಯ್ತಾ?"

"ಇಲ್ಲ. ಸಿಸ್ಟರ್ ಬರ್ತಾರೆ. ನಿಜ ಹೇಳು, ಇನ್ನರ್ಧ ಮಾಡ್ತೀನಿ. ನಾನಂತೂ ಒಂದ್ ಮಾತೂ ಆಡಲ್ಲ."

"ಅದೆಲ್ಲ ಆಮೇಲೆ. ಮೊದ್ಲು ಇದನ್ನ ಮುಗಿಸೋ."

"ಟಿಕೆಟ್ ಇಲ್ದೆ ಕೂತೋರನ್ನ ಹಿಡಿದು ಇಳಿಸ್ತಿದ್ದೋನು ನೀನು. ಈಗ ನೀನೇ ಸುಳ್ಳು ಹೇಳ್ಕೊಂಡು ಕೂತಿದೀಯ."

"ಕೂತಿಲ್ಲ, ಮಲಗಿದೀನಿ."

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಇದೇನಿದು, ಅರ್ಧ ಅಮಾವಾಸ್ಯೆ, ಅರ್ಧ ಹುಣ್ಣಿಮೆ?"

"ಇವನನ್ನೇ ಕೇಳಿ ಅತ್ತಿಗೆ" ಎಂದು ರೇಡಿಯೋ ಕಿಟಕಿಯಾಚೆ ನೋಡತೊಡಗಿದ. ನೊರೆ ಒಣಗಿ ಕಂಡಕ್ಟರನ ಎಡಗೆನ್ನೆ ಕಡಿಯಲು ಶುರುವಾಯಿತು. ಅಷ್ಟರಲ್ಲಿ ನರ್ಸ್ ಒಳಬಂದರು. ಮುಖ ನೋಡಿ ಬಂದ ನಗುವನ್ನು ತಡೆದುಕೊಂಡು, ಪುಸ್ತಕ ತೆರೆದು, "ಇವತ್ತು ಎಷ್ಟು?" ಎಂದರು.

ಕಂಡಕ್ಟರ್ ಗೆಳೆಯನನ್ನು ನೋಡಿದ. ಗೆಳೆಯ ಇನ್ನೂ ಕಿಟಕಿಯನ್ನೇ ನೋಡುತ್ತಿದ್ದ.

"ಎಂಟು" ಎಂದ ಕಂಡಕ್ಟರ್ ಕೊನೆಗೆ. "ಮಗ್ಗುಲು ತಿರುಗಿದ್ರೆ ಒಂಬತ್ತು." ಆಮೇಲೆ ಐದರ ಸಂಗತಿಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ನರ್ಸ್ ಮಂಚದ ಅಂಚಿಗೆ ಕೂತರು. "ಇದನ್ನ ನಂಗ್ಯಾರೂ ಹೇಳೇ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲೂ ಇಲ್ಲ." ಅಲ್ಲಿಂದಲೇ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದರು.

"ಹಾಗೆ ಹೇಳಿದ್ದು ನಿಜ ಸಿಸ್ಟರ್" ಎಂದರು ಡಾಕ್ಟರ್. "ನೀವು ಮನೆಗೇ ಹೋಗಿ ನೋಡ್ತೀರಿ ಅಂತ ನಂಗೆ ಗೊತ್ತಿರಲಿಲ್ಲ."

"ನಾನು ಪತ್ರ ಕಳಿಸಿದ್ದೆ ಸರ್."

ಆ ಕಡೆ ಸ್ವಲ್ಪ ಹೊತ್ತು ಕಾಗದಗಳ ಸದ್ದು. "ಬಂದಿರಬೇಕು. ಯಾವ ಫೈಲಲ್ಲಿ ಕೂತಿದೆಯೋ. ತಪ್ಪು ನಮ್ಮದೇ." ಈಗಿರುವ ಔಷಧಿಯನ್ನು ಎಷ್ಟು ಹೆಚ್ಚಿಸಬೇಕು, ಅದರಿಂದ ಮಲಬದ್ಧತೆ ಆಗದಂತೆ ಇನ್ನೇನು ಕೊಡಬೇಕು ಎಂದು ಹೇಳಿ, ಕಂಡಕ್ಟರನಿಗೆಂದರು: "ನೀವು ಮನೆಯಲ್ಲೇ ಇರಿ. ಸರಿಯಾದ ಅಂಕೆ ಹೇಳಿ ಸಾಕು, ಇಳಿಸೋ ಕೆಲಸ ನಮ್ಮದು."

ಫೋನ್ ಇಟ್ಟ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದಳು. "ನಂಗೂ ಎರಡು ಅಂತಲೇ ಹೇಳಿದ್ರಲ್ಲ."

"ನಿಂಗೆ ಹೇಳಿದ್ರೆ ನಿನ್ನ ಮುಖ ನೋಡಿನೇ ಸಿಸ್ಟರ್‌ಗೆ ಗೊತ್ತಾಗ್ತಿತ್ತು ಕಣೇ."

ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಒಣಗಿದ ನೊರೆಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಒರೆಸಿದಳು. ರೇಡಿಯೋ ಹೊಸದಾಗಿ ನೊರೆ ಹಚ್ಚಿ ಇನ್ನರ್ಧ ಮುಗಿಸಿದ.

ಮಾರನೆಯ ದಿನದಿಂದ ಆ ಮನೆಯ ಮೊಳೆಗೆ ಒಂದು ನೋಟ್‌ಬುಕ್ ತೂಗುಬಿತ್ತು. ಡಾಕ್ಟರ್ ಹೇಳಿದ್ದು, ನರ್ಸ್ ಕೊಟ್ಟದ್ದು, ಹೆಂಡತಿ ಕಂಡದ್ದು ಎಲ್ಲ ಅದರಲ್ಲೇ. ಆಸ್ಪತ್ರೆಯಿಂದ ಯಾರನ್ನೇ ಮನೆಗೆ ಕಳಿಸಿದರೂ ಅವರಿಗೆ ಏನೇನು ಹೇಳಿದ್ದೇವೆ ಎಂಬ ಚೀಟಿ ನರ್ಸ್‌ಗೂ ಬರತೊಡಗಿತು. ಮುಂದಿನ ತರಗತಿಯಲ್ಲಿ ನಾಲ್ಕು ಮಾತಾಡಿ ಎಂದು ಎಬ್ಬಿಸಿ ನಿಲ್ಲಿಸಿದರೆ ರೇಡಿಯೋ ಬೆವರಿ, "ಕೆನ್ನೆ ಮುಟ್ಟಿ ನೋಡಿ" ಎಂದಷ್ಟೇ ಹೇಳಿ ಕೂತುಬಿಟ್ಟ.

ಹತ್ತು ದಿನದಲ್ಲಿ ಕಂಡಕ್ಟರನ ಅಂಕೆ ಮೂರಕ್ಕೆ ಇಳಿಯಿತು. ಈ ಸಲ ಅದು ನಿಜವಾದ ಮೂರು. ನೋಡಲು ಬಂದವರಿಗೆಲ್ಲ ಅವನು, "ಈ ಮನುಷ್ಯ ಕತ್ತಿ ತೋರಿಸಿ ನನ್ನಿಂದ ನಿಜ ಕಿತ್ಕೊಂಡ" ಎಂದು ದೂರುತ್ತಿದ್ದ. ಹಾಗೆ ದೂರುತ್ತಲೇ ಐದು ತಿಂಗಳಿದ್ದ. ಕೊನೆಯ ವಾರ ಅಂಕೆ ಮತ್ತೆ ಏಳಕ್ಕೇರಿತು. ನರ್ಸ್ ದಿನಕ್ಕೆರಡು ಸಲ ಬಂದು ಅದನ್ನು ಇಳಿಸಿದರು. ಆಸ್ಪತ್ರೆಗೆ ಒಯ್ಯಲು ಯಾರೂ ಗಾಡಿ ತರಿಸಲಿಲ್ಲ.